ರಾತ್ರಿ ಸಿಗುವ ರೇಡಿಯೋ ಸ್ಟೇಷನ್ ಹಗಲು ಯಾಕೆ ಸಿಗುವುದಿಲ್ಲ? ಅಲೆಗಳು ದೂರ ಹೋಗುವ ಬಗೆ

ತೆಂಕಣಗಾಳಿ:
ಎಲ್ಲರಿಗೂ ನಮಸ್ಕಾರ. ಪುತ್ತೂರು ಕಡೆಯವನು ನಾನು. ಮನೆಯಲ್ಲಿ ಹಳೇ ಟ್ರಾನ್ಸಿಸ್ಟರ್ ಇದೆ, ಅಪ್ಪ ಈಗಲೂ ವಾರ್ತೆ ಕೇಳುವುದು ಅದರಲ್ಲೇ. ಹಗಲು ಮೀಡಿಯಂ ವೇವ್‌ನಲ್ಲಿ ಒಂದೆರಡು ಸ್ಟೇಷನ್ ಬಿಟ್ಟರೆ ಬರೀ ಗೊರಗೊರ. ಕತ್ತಲಾಗುತ್ತಿದ್ದಂತೆ ಅದೇ ಸೆಟ್ಟಿನಲ್ಲಿ ತಮಿಳು, ತೆಲುಗು, ಹಿಂದಿ, ಕೆಲವೊಮ್ಮೆ ಅರಬ್ಬಿಯೂ ಬರುತ್ತದೆ. ಮುಳ್ಳು ಸ್ವಲ್ಪ ತಿರುಗಿಸಿದರೆ ಇನ್ನೊಂದು ಊರು.

ಅದೇ ಮಂಗಳೂರಿನ ಎಫ್‌ಎಂ ನೋಡಿ. ಶಿರಾಡಿ ಘಾಟಿ ಹತ್ತುವಷ್ಟರಲ್ಲಿ ಕಾರಿನಲ್ಲಿ ಮಾಯ. ಎರಡೂ ರೇಡಿಯೋ ಅಲೆಗಳೇ, ಎರಡರ ವೇಗವೂ ಒಂದೇ ಅಲ್ವಾ? ಮತ್ತೆ ಒಂದು ಸಾವಿರ ಕಿ.ಮೀ. ದಾಟಿ ಬರುತ್ತದೆ, ಇನ್ನೊಂದು ಘಟ್ಟ ಹತ್ತುವುದಿಲ್ಲ. ಪವರ್ ಜಾಸ್ತಿ ಇರುವುದಕ್ಕಾ? ಗೊತ್ತಿರುವವರು ಬಿಡಿಸಿ ಹೇಳಿ.

ಬಾನುಲಿಕಿವಿ:
ಪವರ್ ಕಾರಣ ಅಲ್ಲ. ನಿಮ್ಮ ಮಾತಿನಲ್ಲೇ ಉತ್ತರ ಇದೆ ನೋಡಿ. ಆ ತಮಿಳು ಸ್ಟೇಷನ್ ಹಗಲೂ ಅಷ್ಟೇ ಪವರ್‌ನಲ್ಲಿ ಓಡುತ್ತಿರುತ್ತದೆ. ನಿಮ್ಮ ಸೆಟ್ಟೂ ಬದಲಾಗಿಲ್ಲ. ಹಾಗಾದರೆ ಬದಲಾಗಿದ್ದು ನಡುವಿನ ದಾರಿ.

ಮೀಡಿಯಂ ವೇವ್ ಎರಡು ದಾರಿಯಲ್ಲಿ ಹೋಗುತ್ತದೆ. ಒಂದು, ನೆಲವನ್ನು ಅಂಟಿಕೊಂಡು. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್, ಅಂದರೆ ಅಲೆಯ ಉದ್ದ ಸುಮಾರು 490 ಮೀಟರ್. ಧಾರವಾಡ 765, ಅದರದ್ದು ಸುಮಾರು 390 ಮೀಟರ್. ಇಷ್ಟು ಉದ್ದದ ಅಲೆಗೆ ಸಣ್ಣಪುಟ್ಟ ಗುಡ್ಡ ಅಡ್ಡಿಯೇ ಅಲ್ಲ, ಬಳಸಿಕೊಂಡು ಮುಂದೆ ಹೋಗುತ್ತದೆ. ಆದರೆ ಹೋಗ್ತಾ ಹೋಗ್ತಾ ನೆಲ ಅದರ ಶಕ್ತಿಯನ್ನು ಹೀರುತ್ತದೆ. 200 ಕಿಲೋವ್ಯಾಟ್ ಟ್ರಾನ್ಸ್‌ಮಿಟರ್ ಆದರೂ ಹಗಲು ಚೆನ್ನಾಗಿ ಕೇಳುವುದು ಇನ್ನೂರು ಕಿ.ಮೀ. ಆಸುಪಾಸು. ಒಣ ಕಲ್ಲುನೆಲದಲ್ಲಿ ಬೇಗ ಸೋಲುತ್ತದೆ, ಉಪ್ಪುನೀರಿನ ಮೇಲೆ ಬಹಳ ದೂರ ಹೋಗುತ್ತದೆ.

ಎರಡನೆಯದು ಆಕಾಶದ ದಾರಿ. ನಮ್ಮ ತಲೆಯ ಮೇಲೆ 60ರಿಂದ 90 ಕಿ.ಮೀ. ಎತ್ತರದಲ್ಲಿ ಹಗಲು ಒಂದು ಪದರ ಇರುತ್ತದೆ, ಡಿ ಪದರ ಅಂತ ಹೆಸರು. ಸೂರ್ಯನ ಕಿರಣ ಗಾಳಿಯ ಕಣಗಳಿಂದ ಎಲೆಕ್ಟ್ರಾನ್‌ಗಳನ್ನು ಬಿಡಿಸಿ ಇದನ್ನು ಮಾಡುತ್ತದೆ. ರೇಡಿಯೋ ಅಲೆ ಬಂದಾಗ ಆ ಎಲೆಕ್ಟ್ರಾನ್‌ಗಳು ಅದರ ತಾಳಕ್ಕೆ ಅಲುಗುತ್ತವೆ. ಆದರೆ ಅಲ್ಲಿ ಗಾಳಿ ಇನ್ನೂ ದಟ್ಟ. ಪದೇ ಪದೇ ಗಾಳಿಯ ಕಣಗಳಿಗೆ ಡಿಕ್ಕಿ ಹೊಡೆದು, ಅಲೆಯಿಂದ ಪಡೆದ ಶಕ್ತಿಯನ್ನು ಬಿಸಿಯಾಗಿ ಕಳೆದುಬಿಡುತ್ತವೆ. ಮೀಡಿಯಂ ವೇವ್ ಅಲ್ಲೇ ಮುಗಿಯಿತು. ಸೂರ್ಯ ಮುಳುಗಿದ ಮೇಲೆ ಎಲೆಕ್ಟ್ರಾನ್‌ಗಳು ಮತ್ತೆ ಕಣಗಳಿಗೆ ಸೇರಿಕೊಳ್ಳುತ್ತವೆ, ಪದರ ಕರಗುತ್ತದೆ. ಆಗ ಅಲೆ ಇನ್ನೂ ಮೇಲೆ, 100 ಕಿ.ಮೀ.ಗೂ ಎತ್ತರದ ಪದರಗಳ ತನಕ ಹೋಗಬಹುದು. ಅಲ್ಲಿ ಗಾಳಿ ತೀರಾ ವಿರಳ, ಡಿಕ್ಕಿ ಕಡಿಮೆ. ಅಲೆ ಬಾಗಿ ವಾಪಸ್ ನೆಲಕ್ಕೆ ಬರುತ್ತದೆ. ಒಂದೇ ನೆಗೆತದಲ್ಲಿ ಸಾವಿರ ಕಿ.ಮೀ. ದಾಟುವುದು ಹೀಗೆ.

ಎಫ್‌ಎಂ 100 ಮೆಗಾಹರ್ಟ್ಸ್ ಸುತ್ತಮುತ್ತ. ಅಲೆ ಬರೀ ಮೂರು ಮೀಟರ್. ಮೇಲಿನ ಆ ಪದರಗಳು ಇದನ್ನು ಬಗ್ಗಿಸಲಾರವು, ನೇರವಾಗಿ ಬಾಹ್ಯಾಕಾಶಕ್ಕೆ ಹೋಗಿಬಿಡುತ್ತದೆ. ನೆಲದ ಮೇಲೆ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರವೇ ಅದರ ಹದ್ದು. ನೂರು ಮೀಟರ್ ಎತ್ತರದ ಗೋಪುರಕ್ಕೆ ಸಮತಟ್ಟು ನೆಲದಲ್ಲಿ ನಲವತ್ತು ಕಿ.ಮೀ. ಸಿಗುತ್ತದೆ. ನಡುವೆ ಘಟ್ಟ ಬಂದರೆ ಅದರ ನೆರಳು.

ತೆಂಕಣಗಾಳಿ:
ಸರ್, ತುಂಬಾ ಥ್ಯಾಂಕ್ಸ್. ಇನ್ನೊಂದು ಡೌಟು. ರಾತ್ರಿ ಬರುವ ಸ್ಟೇಷನ್ ಒಮ್ಮೆ ಜೋರಾಗಿ, ಒಮ್ಮೆ ಸಣ್ಣಗೆ ಆಗುತ್ತಿರುತ್ತದಲ್ಲ, ಅದ್ಯಾಕೆ?

ಬಾನುಲಿಕಿವಿ:
ಒಂದೇ ಸ್ಟೇಷನ್ನಿನ ಅಲೆ ನಿಮ್ಮ ಮನೆಗೆ ಎರಡು ಮೂರು ದಾರಿಯಲ್ಲಿ ಬರುತ್ತಿರುತ್ತದೆ. ಒಂದು ನೆಗೆತದಲ್ಲಿ ಬಂದದ್ದು, ಎರಡು ನೆಗೆತದಲ್ಲಿ ಬಂದದ್ದು, ಹತ್ತಿರದ ಸ್ಟೇಷನ್ ಆದರೆ ನೆಲದ ದಾರಿಯದ್ದೂ ಸೇರುತ್ತದೆ. ಉಬ್ಬಿಗೆ ಉಬ್ಬು ಸೇರಿದರೆ ಜೋರು, ಉಬ್ಬಿಗೆ ತಗ್ಗು ಸೇರಿದರೆ ಸಣ್ಣ. ಮೇಲಿನ ಪದರ ಒಂದೇ ಎತ್ತರದಲ್ಲಿ ನಿಲ್ಲುವುದಿಲ್ಲ, ಅಲುಗುತ್ತಲೇ ಇರುತ್ತದೆ. ಇನ್ನೂರು ಮೀಟರ್ ವ್ಯತ್ಯಾಸ ಸಾಕು, ಲೆಕ್ಕ ತಿರುಗಿಬಿಡುತ್ತದೆ.

ಈ ಪದರ ಇದೆ ಅಂತ ಜನಕ್ಕೆ ಹೊಳೆದದ್ದೂ ದೂರದ ಸಿಗ್ನಲ್‌ನಿಂದಲೇ. 1901ರ ಡಿಸೆಂಬರ್ 12ರಂದು ಮಾರ್ಕೋನಿ ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟ ಸಿಗ್ನಲ್ ಅನ್ನು ಅಟ್ಲಾಂಟಿಕ್ ಆಚೆ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕೇಳಿದೆ ಅಂದರು. ಭೂಮಿ ಗುಂಡಗಿದೆ, ಅಲೆ ನೇರ ಹೋಗಬೇಕು, ಹೇಗೆ ಬಂತು? 1902ರಲ್ಲಿ ಕೆನೆಲಿ ಮತ್ತು ಹೆವಿಸೈಡ್ ಬೇರೆ ಬೇರೆಯಾಗಿ, ಮೇಲೆ ವಿದ್ಯುತ್ ಹರಿಯುವ ಪದರ ಇರಬೇಕು ಅಂತ ಊಹಿಸಿದರು. 1924ರಲ್ಲಿ ಆಪಲ್ಟನ್ ಪ್ರಯೋಗ ಮಾಡಿ ತೋರಿಸಿದರು, 1947ರಲ್ಲಿ ಅದಕ್ಕೆ ನೊಬೆಲ್ ಬಂತು.

ಉಳ್ಳಾಲದ ಕಡಲಕರೆ:
ರೇಡಿಯೋ ಬಗ್ಗೆ ನನಗೆ ಅಷ್ಟಾಗಿ ಗೊತ್ತಿಲ್ಲ. ಆದರೆ ದೂರದ ಅಲೆ ಅಂದಾಗ ನಮ್ಮ ಕಡಲಿನದ್ದು ಹೇಳಲೇಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಗಾಳಿ ಇಲ್ಲ, ಮೋಡ ಇಲ್ಲ, ಸಮುದ್ರ ತಣ್ಣಗಿರುತ್ತದೆ. ಇದ್ದಕ್ಕಿದ್ದಂತೆ ದೊಡ್ಡ ಉಬ್ಬಲೆಗಳು ಬಂದು ದಡ ಹತ್ತುತ್ತವೆ. ಕೇರಳದವರು ಇದಕ್ಕೆ ಕಳ್ಳಕ್ಕಡಲ್ ಅಂತಾರೆ. ಈಗ ಹೈದರಾಬಾದಿನಲ್ಲಿರುವ, ಕಡಲಿನ ಮಾಹಿತಿ ಕೊಡುವ ಇನ್‌ಕಾಯ್ಸ್ ಸಂಸ್ಥೆ ಮೊದಲೇ ಎಚ್ಚರಿಕೆ ಕೊಡುತ್ತದೆ. ಈ ಅಲೆ ಹುಟ್ಟುವುದು ಅರಬ್ಬಿ ಸಮುದ್ರದಲ್ಲಿ ಅಲ್ಲ. ಭೂಮಧ್ಯರೇಖೆ ದಾಟಿ, ಅಂಟಾರ್ಕ್ಟಿಕಾ ಕಡೆಯ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ. ಆರೂವರೆ ಸಾವಿರ ಕಿ.ಮೀ. ಅಂತ ಇಟ್ಟುಕೊಳ್ಳಿ.

ದಡದಲ್ಲಿ ನಿಂತು ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ಒಂದು ಅಲೆ ಒಡೆದು ಮುಂದಿನದು ಒಡೆಯುವ ನಡುವಿನ ಹೊತ್ತನ್ನು ವಾಚಿನಲ್ಲಿ ಎಣಿಸಿ. ಇಲ್ಲಿನ ಗಾಳಿಗೆ ಎದ್ದ ಅಲೆ ಆದರೆ ಆರು, ಎಂಟು ಸೆಕೆಂಡ್. ದೂರದಿಂದ ಬಂದದ್ದು ಹದಿನೈದು, ಇಪ್ಪತ್ತು ಸೆಕೆಂಡ್. ಮೊದಲ ದಿನ ಇಪ್ಪತ್ತರ ಹತ್ತಿರ ಇರುತ್ತದೆ, ಮರುದಿನ, ಅದರ ಮರುದಿನ ಅಂತರ ಕಡಿಮೆಯಾಗುತ್ತಾ ಬರುತ್ತದೆ. ಉದ್ದ ಅಲೆ ವೇಗವಾಗಿ ಓಡುತ್ತದೆ, ಗಿಡ್ಡ ಅಲೆ ಹಿಂದೆ ಬೀಳುತ್ತದೆ. ಹೊರಡುವಾಗ ಎಲ್ಲ ಒಟ್ಟಿಗೆ ಕಲಸಿಕೊಂಡಿದ್ದವು, ದಾರಿಯಲ್ಲಿ ತಾವೇ ಬೇರೆಯಾಗುತ್ತವೆ.

ತಿಪಟೂರು ಮೇಷ್ಟ್ರು:
ಕಡಲಕರೆಯವರೇ, ನೀವು ಹೇಳಿದ್ದಕ್ಕೆ ಲೆಕ್ಕ ಸೇರಿಸುತ್ತೇನೆ. ಆಳ ನೀರಿನಲ್ಲಿ 20 ಸೆಕೆಂಡಿನ ಅಲೆಯ ಉದ್ದ ಸುಮಾರು 625 ಮೀಟರ್. ಒಂದೊಂದು ಉಬ್ಬು ಸೆಕೆಂಡಿಗೆ 31 ಮೀಟರ್ ಓಡುತ್ತದೆ. ಆದರೆ ಅಲೆಗಳ ಗುಂಪು, ಅಂದರೆ ಶಕ್ತಿ, ಮುಂದೆ ಸಾಗುವುದು ಅದರ ಅರ್ಧ ವೇಗದಲ್ಲಿ. ಗಂಟೆಗೆ 56 ಕಿ.ಮೀ. ಬಿತ್ತು. 6,500 ಕಿ.ಮೀ. ದಾಟಲು ಐದು ದಿನಕ್ಕೆ ಸ್ವಲ್ಪ ಕಡಿಮೆ. 15 ಸೆಕೆಂಡಿನ ಅಲೆಗೆ ಆರೂವರೆ ದಿನ ಬೇಕು. ನೀವು ಕಂಡ ಆ ಒಂದೂವರೆ ದಿನದ ವ್ಯತ್ಯಾಸ ಇದೇ. ಅದನ್ನು ಹಿಂದಕ್ಕೆ ಲೆಕ್ಕ ಹಾಕಿದರೆ ಬಿರುಗಾಳಿ ಎಷ್ಟು ದೂರದಲ್ಲಿ ಎದ್ದಿತ್ತು ಅಂತಲೂ ಹೇಳಬಹುದು.

1963ರಲ್ಲಿ ಕಡಲ ವಿಜ್ಞಾನಿ ವಾಲ್ಟರ್ ಮಂಕ್ ಮತ್ತು ಜೊತೆಗಾರರು ಇದನ್ನೇ ಮಾಡಿದರು. ನ್ಯೂಜಿಲೆಂಡಿನಿಂದ ಅಲಾಸ್ಕಾವರೆಗೆ ಪೆಸಿಫಿಕ್ ಉದ್ದಕ್ಕೂ ಅಳೆಯುವ ಠಾಣೆಗಳನ್ನಿಟ್ಟು, ದಕ್ಷಿಣದ ಬಿರುಗಾಳಿಯ ಅಲೆಗಳನ್ನು ಹಿಂಬಾಲಿಸಿದರು. ಹುಟ್ಟಿದ ಜಾಗ ಬಿಟ್ಟ ಮೇಲೆ ಉದ್ದ ಅಲೆಗಳು ದಾರಿಯಲ್ಲಿ ಕಳೆದುಕೊಂಡ ಶಕ್ತಿ ತೀರಾ ಕಡಿಮೆ. ನನಗೆ ಇದು ಬಹಳ ಇಷ್ಟದ ಪ್ರಯೋಗ.

ಇಲ್ಲಿ ಒಂದು ಮುಖ್ಯ ಮಾತು ಹೇಳುತ್ತೇನೆ. ಅಲೆ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ಎರಡೇ ಪ್ರಶ್ನೆ ಕೇಳಬೇಕು. ಹರಡಲು ಎಷ್ಟು ಜಾಗ ಇದೆ? ದಾರಿ ಅದನ್ನು ಎಷ್ಟು ತಿನ್ನುತ್ತದೆ? ಎಲ್ಲ ದಿಕ್ಕಿಗೂ ಹರಡುವ ಅಲೆ ದೋಸೆಹಿಟ್ಟಿನ ಹಾಗೆ, ಹಿಟ್ಟು ಅಷ್ಟೇ, ಅಗಲವಾದಷ್ಟೂ ತೆಳುವಾಗುತ್ತದೆ. ಬಯಲಿನ ಶಬ್ದ, ನಕ್ಷತ್ರದ ಬೆಳಕು ಹೀಗೆ. ದೂರ ಎರಡರಷ್ಟಾದರೆ ಶಕ್ತಿ ನಾಲ್ಕನೇ ಒಂದು ಭಾಗ. ಆದರೆ ಕಡಲಲೆ ನೀರಿನ ಮೇಲ್ಮೈ ಮೇಲೆ ಮಾತ್ರ ಹರಡುತ್ತದೆ, ಮೇಲಕ್ಕೂ ಕೆಳಕ್ಕೂ ಹೋಗುವುದಿಲ್ಲ. ದೂರ ಎರಡರಷ್ಟಾದರೆ ಶಕ್ತಿ ಅರ್ಧ ಉಳಿಯುತ್ತದೆ. ಕೊಳವೆಯಂಥ ದಾರಿ ಸಿಕ್ಕರೆ ಇನ್ನೂ ಒಳ್ಳೆಯದು, ಹರಡುವ ಮಾತೇ ಇಲ್ಲ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಒಂದು ಕಿ.ಮೀ.ಗೆ ನೂರಕ್ಕೆ ನಾಲ್ಕರಷ್ಟೇ ಕಡಿಮೆಯಾಗುತ್ತದೆ.

ಗೌರಿಬಿದನೂರಿನವಳು:
ಮೇಷ್ಟ್ರೇ, ಭೂಕಂಪದಲ್ಲೂ ಇದೇ ನಡೆಯುತ್ತದೆ. ನಮ್ಮೂರಿನ ಹತ್ತಿರ ಬಿಎಆರ್‌ಸಿಯ (ಭಾಭಾ ಅಣು ಸಂಶೋಧನಾ ಕೇಂದ್ರ) ಭೂಕಂಪ ಕೇಂದ್ರ ಇದೆ, 1965ರಿಂದ ಕೆಲಸ ಮಾಡುತ್ತಿದೆ. ಎಲ್ ಆಕಾರದಲ್ಲಿ ಇಪ್ಪತ್ತು ಸೆನ್ಸರ್‌ಗಳನ್ನು ದೂರ ದೂರ ನೆಟ್ಟಿದ್ದಾರೆ. ಅಲೆ ಯಾವ ಸೆನ್ಸರ್‌ಗೆ ಮೊದಲು ತಟ್ಟಿತು, ಯಾವುದಕ್ಕೆ ಆಮೇಲೆ ತಟ್ಟಿತು ಅಂತ ನೋಡಿ ಬಂದ ದಿಕ್ಕನ್ನು ಹೇಳುತ್ತಾರೆ. ಬೇರೆ ದೇಶಗಳು ನೆಲದೊಳಗೆ ನಡೆಸುವ ಅಣುಪರೀಕ್ಷೆ ಪತ್ತೆ ಮಾಡುವುದೂ ಇದರ ಕೆಲಸ.

2001ರ ಜನವರಿ 26ರ ಭುಜ್ ಭೂಕಂಪವನ್ನೇ ತೆಗೆದುಕೊಳ್ಳಿ. ಇಲ್ಲಿಂದ ಸುಮಾರು 1,300 ಕಿ.ಮೀ. ಮೊದಲು ಬರುವುದು ಪಿ ಅಲೆ, ಒತ್ತಿ ಬಿಡುವ ಅಲೆ. ಸೆಕೆಂಡಿಗೆ ಎಂಟು ಕಿ.ಮೀ. ಅಂತ ಹಿಡಿದರೆ ಮೂರು ನಿಮಿಷದೊಳಗೆ ಮುಟ್ಟಬೇಕು. ಅಡ್ಡಕ್ಕೆ ಅಲುಗಿಸುವ ಎಸ್ ಅಲೆ ಐದು ನಿಮಿಷದ ಹತ್ತಿರ. ನೆಲದ ಮೇಲ್ಭಾಗದಲ್ಲೇ ಬರುವ ಅಲೆಗಳು ಕೊನೆಗೆ, ಆರೇಳು ನಿಮಿಷಕ್ಕೆ. ಆದರೆ ದೂರದ ಭೂಕಂಪದ ಚಾರ್ಟ್‌ನಲ್ಲಿ ಎದ್ದು ಕಾಣುವುದು ಸಾಮಾನ್ಯವಾಗಿ ಈ ಕೊನೆಯವೇ. ಪಿ ಮತ್ತು ಎಸ್ ಭೂಮಿಯ ಒಳಗೆಲ್ಲ ಹರಡಿ ತೆಳುವಾಗಿರುತ್ತವೆ. ಇವು ಮೇಲ್ಮೈ ಬಿಟ್ಟು ಹೋಗುವುದಿಲ್ಲ.

ಇನ್ನೊಂದು. ಹತ್ತಿರದ ಕಂಪನ ಪಟ್ ಅಂತ ಕುಟ್ಟಿದ ಹಾಗಿರುತ್ತದೆ, ದೂರದ್ದು ನಿಧಾನಕ್ಕೆ ತೂಗಿದ ಹಾಗೆ. ಗಿಡ್ಡ ಅಲೆಗಳನ್ನು ಬಂಡೆ ದಾರಿಯಲ್ಲೇ ತಿಂದುಬಿಡುತ್ತದೆ. ಉಳಿದ ಉದ್ದ ಅಲೆ ಸಣ್ಣ ಮನೆಗೆ ಹೆಚ್ಚೇನೂ ಮಾಡದಿದ್ದರೂ ಎತ್ತರದ ಕಟ್ಟಡವನ್ನು ಅಲುಗಿಸುತ್ತದೆ. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋ ಸಿಟಿಯಲ್ಲಿ ಆದದ್ದು ಇದೇ. ಭೂಕಂಪದ ಕೇಂದ್ರ 350 ಕಿ.ಮೀ.ಗೂ ದೂರ ಇತ್ತು. ಊರು ಕಟ್ಟಿದ್ದು ಹಳೇ ಕೆರೆಯ ಮೆತ್ತನೆ ಮಣ್ಣಿನ ಮೇಲೆ. ಆ ಮಣ್ಣು ಸುಮಾರು ಎರಡು ಸೆಕೆಂಡಿನ ಅಲೆಗೆ ಸರಿಯಾಗಿ ತೂಗಿತು. ಅದೇ ತಾಳಕ್ಕೆ ತೂಗುವ ಮಧ್ಯಮ ಎತ್ತರದ ಕಟ್ಟಡಗಳು ಹೆಚ್ಚಾಗಿ ಬಿದ್ದವು, ಸಾವಿರಾರು ಜನ ಸತ್ತರು. ದೂರ ಇದ್ದೇವೆ ಅನ್ನುವುದು ಅವರನ್ನು ಕಾಯಲಿಲ್ಲ. ಬೆಂಗಳೂರಿನಲ್ಲಿ ಕೆರೆ ಮುಚ್ಚಿ ಕಟ್ಟುವವರಿಗೆ ಇದನ್ನು ಯಾರಾದರೂ ಕೂರಿಸಿಕೊಂಡು ಹೇಳಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಚೆಂಡೆಪ್ರಿಯೆ:
ಉದ್ದ ಅಲೆ ದೂರ ಹೋಗುತ್ತದೆ ಅನ್ನುತ್ತಿದ್ದೀರಿ. ಹಾಗಾದರೆ ನನಗೊಂದು ಪ್ರಶ್ನೆ. ಬಯಲಾಟದ ರಾತ್ರಿ ಗದ್ದೆಯಾಚೆಯಿಂದ ಮೊದಲು ಕೇಳಿಸುವುದು ಚೆಂಡೆ. ಅದರ ಸ್ವರ ಚುರುಕು, ಏರು. ಮದ್ದಳೆ ಅದಕ್ಕಿಂತ ಮೆತ್ತಗೆ, ಅದು ಕೇಳಿಸುವುದೇ ಇಲ್ಲ. ಉಲ್ಟಾ ಆಯಿತಲ್ಲ?

ತಿಪಟೂರು ಮೇಷ್ಟ್ರು:
ಒಳ್ಳೆಯ ಪ್ರಶ್ನೆ ಅಮ್ಮ. ಗಾಳಿ ಎಷ್ಟು ಶಬ್ದ ಹೀರುತ್ತದೆ ಅಂತ ಅಳೆದ ಲೆಕ್ಕ ಇದೆ. 20 ಡಿಗ್ರಿ ಬಿಸಿ, 70 ಶೇಕಡ ತೇವ ಇರುವಾಗ 125 ಹರ್ಟ್ಸ್‌ನ ದಪ್ಪ ಸ್ವರ ಒಂದು ಕಿ.ಮೀ.ಗೆ 0.3 ಡೆಸಿಬಲ್ ಕಳೆದುಕೊಳ್ಳುತ್ತದೆ. 1,000 ಹರ್ಟ್ಸ್‌ನದು 5 ಡೆಸಿಬಲ್. 8,000 ಹರ್ಟ್ಸ್‌ನದು 75ಕ್ಕೂ ಜಾಸ್ತಿ, ಅಂದರೆ ಇಲ್ಲವೇ ಇಲ್ಲ ಅನ್ನಿ. ಹತ್ತಿರದ ಸಿಡಿಲು ಚಟಾರ್ ಅನ್ನುವುದು, ದೂರದ್ದು ಬರೀ ಗುಡುಗುಡು ಅನ್ನುವುದು ಇದರಿಂದಲೂ ಹೌದು.

ಚೆಂಡೆಯ ಪೆಟ್ಟಿನ ಜೋರು ಹೆಚ್ಚಾಗಿ ನಡುವಿನ ಸ್ವರಗಳಲ್ಲಿದೆ. ಒಂದೆರಡು ಕಿ.ಮೀ.ನಲ್ಲಿ ಗಾಳಿ ಅದನ್ನು ಪೂರ್ತಿ ತಿನ್ನಲಾರದು. ಅದರ ಜೊತೆಗೆ ನಮ್ಮ ಕಿವಿ ಬಲು ಚುರುಕಾಗಿರುವುದು 2,000ದಿಂದ 4,000 ಹರ್ಟ್ಸ್‌ಗೆ. ದಪ್ಪ ಸ್ವರ ಬಂದು ತಲುಪಿದರೂ ಕಿವಿ ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮದ್ದಳೆ ಹುಟ್ಟುವಾಗಲೇ ಮೆತ್ತಗೆ. ಹಾಗಾಗಿ ಹತ್ತಿರದ ದೂರಕ್ಕೆ ಚೆಂಡೆಯೇ ಗೆಲ್ಲುತ್ತದೆ.

ರಾತ್ರಿ ಕೇಳಿಸುವುದಕ್ಕೆ ಇನ್ನೊಂದು ಕಾರಣ. ಹಗಲು ನೆಲ ಕಾದಿರುತ್ತದೆ, ಕೆಳಗಿನ ಗಾಳಿ ಬಿಸಿ, ಶಬ್ದ ಮೇಲಕ್ಕೆ ಬಾಗಿ ತಲೆಯ ಮೇಲಿಂದ ಹೋಗಿಬಿಡುತ್ತದೆ. ರಾತ್ರಿ ನೆಲ ತಣ್ಣಗಾಗುತ್ತದೆ, ಮೇಲಿನ ಗಾಳಿ ಬೆಚ್ಚಗಿರುತ್ತದೆ. ಆಗ ಶಬ್ದ ಕೆಳಕ್ಕೆ ಬಾಗಿ ಗದ್ದೆಯ ಮೇಲೇ ಸಾಗುತ್ತದೆ.

ಕೊಡಗಿನ ಕಾಡಂಚು:
ಆನೆಗಳ ವಿಷಯ ಸೇರಿಸಲೇ? 1984ರಲ್ಲಿ ಕೇಟಿ ಪೇಯ್ನ್ ಅನ್ನುವವರು ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಹತ್ತಿರ ನಿಂತಿದ್ದಾಗ ಕಿವಿಗೆ ಏನೂ ಕೇಳದಿದ್ದರೂ ಗಾಳಿ ನಡುಗಿದ ಹಾಗೆ ಅನ್ನಿಸಿತಂತೆ. ರೆಕಾರ್ಡ್ ಮಾಡಿ ನೋಡಿದಾಗ ನಮ್ಮ ಕಿವಿಗೆ ನಿಲುಕದ, 20 ಹರ್ಟ್ಸ್ ಆಸುಪಾಸಿನ ಗುಡುಗು ಸಿಕ್ಕಿತು. ಕೆಲವು ಕಿ.ಮೀ. ದೂರದ ಆನೆಗೂ ಅದು ಮುಟ್ಟುತ್ತದೆ. ಮರಗಿಡ ಅದನ್ನು ತಡೆಯುವುದಿಲ್ಲ. ನಮ್ಮ ತೋಟದ ಕಡೆ ಬೇರೆ ಬೇರೆ ಇರುವ ಆನೆಗಳು ಒಂದೇ ಸಲ ದಿಕ್ಕು ಬದಲಿಸುವುದನ್ನು ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಬಾನುಲಿಕಿವಿ:
ದೂರ ಹೋದ ಶಬ್ದಕ್ಕೆ ಹೆಸರಾದದ್ದು ಕ್ರಕಟೋವಾ. 1883ರ ಆಗಸ್ಟ್ 27. ಇಂಡೋನೇಷ್ಯಾದ ಜ್ವಾಲಾಮುಖಿ ಸಿಡಿದದ್ದು ಸುಮಾರು 4,800 ಕಿ.ಮೀ. ಆಚೆ ರಾಡ್ರಿಗಸ್ ದ್ವೀಪದಲ್ಲಿ ಫಿರಂಗಿ ಹಾರಿಸಿದ ಹಾಗೆ ಕೇಳಿಸಿತು, ನಾಲ್ಕು ಗಂಟೆ ಆದ ಮೇಲೆ. ಕಿವಿಗೆ ಕೇಳದ ಒತ್ತಡದ ಅಲೆಯಂತೂ ಭೂಮಿಯನ್ನೇ ಹಲವು ಸುತ್ತು ಹಾಕಿತು. 2022ರ ಜನವರಿ 15ರಂದು ಟಾಂಗಾದಲ್ಲಿ ಸಿಡಿದಾಗಲೂ ಹಾಗೇ ಆಯಿತು.

ಕೆಂಗೇರಿ ಹುಡುಗ:
ಎಲ್ಲರೂ ಉದ್ದ ಅಲೆಯೇ ದೂರ ಹೋಗುವುದು ಅನ್ನುವ ಹಾಗೆ ಬರೆಯುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ನಮ್ಮ ಮನೆಯಿಂದ ಬ್ಯಾಲಾಳು ದೂರ ಇಲ್ಲ. ಚಂದ್ರಯಾನಕ್ಕೆ ಅಂತ ಇಸ್ರೋ ಕಟ್ಟಿದ 32 ಮೀಟರ್ ಆಂಟೆನಾ ಅಲ್ಲಿದೆ. ಮಂಗಳಯಾನದ ಸಿಗ್ನಲ್ ಕೋಟಿಗಟ್ಟಲೆ ಕಿ.ಮೀ. ದಾಟಿ ಅಲ್ಲಿಗೆ ಬಂತು. ಅದರ ಅಲೆ ಸುಮಾರು 13 ಸೆಂಟಿಮೀಟರ್ ಉದ್ದ ಅಷ್ಟೇ. 1977ರಲ್ಲಿ ಹೊರಟ ವಾಯೇಜರ್ 1ರ ಟ್ರಾನ್ಸ್‌ಮಿಟರ್ 23 ವ್ಯಾಟ್‌ನದ್ದು. 2,400 ಕೋಟಿ ಕಿ.ಮೀ.ಗೂ ಆಚೆಯಿಂದ ಅದರ ಸಿಗ್ನಲ್ ಇವತ್ತಿಗೂ ಬರುತ್ತಿದೆ. ಇಷ್ಟು ಗಿಡ್ಡ ಅಲೆ ಇಷ್ಟು ದೂರ ಹೇಗೆ ಬಂತು ಹೇಳಿ?

ತಿಪಟೂರು ಮೇಷ್ಟ್ರು:
ನೀನು ಹೇಳುವುದು ಸರಿ ಮಗಾ. ಉದ್ದ ಗೆಲ್ಲುವುದು ದಾರಿಯಲ್ಲಿ ತಿನ್ನುವವರು ಇದ್ದಾಗ. ಬಾಹ್ಯಾಕಾಶದಲ್ಲಿ ತಿನ್ನಲು ಹೆಚ್ಚುಕಡಿಮೆ ಏನೂ ಇಲ್ಲ. ಅಲ್ಲಿ ಅಲೆ ಸೋಲುವುದು ಹರಡಿದ್ದರಿಂದ ಮಾತ್ರ. ಹರಡುವುದನ್ನು ಕಡಿಮೆ ಮಾಡಬೇಕಾದರೆ ಗಿಡ್ಡ ಅಲೆಯೇ ಬೇಕು, ಯಾಕೆಂದರೆ ಅದನ್ನು ಬಟ್ಟಲು ಆಂಟೆನಾದಿಂದ ಸಣ್ಣ ಕಿರಣವಾಗಿ ಒಂದೇ ದಿಕ್ಕಿಗೆ ಬಿಡಬಹುದು. 490 ಮೀಟರ್ ಅಲೆಯನ್ನು ಹಾಗೆ ಕೂಡಿಸಲು ಊರಿಗಿಂತ ದೊಡ್ಡ ಬಟ್ಟಲು ಬೇಕಾದೀತು. ಮೇಲಾಗಿ ಅದು ಆ ಮೇಲಿನ ಪದರಗಳನ್ನು ದಾಟಿ ಆಚೆ ಹೋಗುವುದೂ ಇಲ್ಲ.

ತೆಂಕಣಗಾಳಿ:
ಹಾಗಾದರೆ ಮಳೆಗಾಲದಲ್ಲಿ ನಮ್ಮ ಡಿಶ್ ಟಿವಿ ಹೋಗುವುದು? ಜೋರು ಮಳೆ ಶುರುವಾಯಿತು ಅಂದರೆ ಪರದೆ ಚೌಕ ಚೌಕವಾಗಿ ಒಡೆದು, ಸಿಗ್ನಲ್ ಇಲ್ಲ ಅಂತ ಬರುತ್ತದೆ.

ಬಾನುಲಿಕಿವಿ:
ಅದೇ ತಿನ್ನುವವರ ಕಥೆ. ಉಪಗ್ರಹ 36,000 ಕಿ.ಮೀ. ಎತ್ತರದಲ್ಲಿದೆ. ಸಿಗ್ನಲ್‌ನ ಅಲೆ ಎರಡೂವರೆ ಸೆಂಟಿಮೀಟರ್ ಸುಮಾರು. ಆ ದೂರವನ್ನೆಲ್ಲ ಸಲೀಸಾಗಿ ದಾಟಿ ಬರುತ್ತದೆ. ಕೊನೆಯ ನಾಲ್ಕೈದು ಕಿ.ಮೀ. ಮಳೆಯಲ್ಲಿ ಸಿಕ್ಕಿಬೀಳುತ್ತದೆ. ಕೆಲವು ಮಿಲಿಮೀಟರ್ ಗಾತ್ರದ ಹನಿಗಳು ಈ ಅಲೆಯನ್ನು ಹೀರುತ್ತವೆ, ಚದುರಿಸುತ್ತವೆ. ಅದೇ ಮಳೆಯಲ್ಲಿ ನಿಮ್ಮ ಟ್ರಾನ್ಸಿಸ್ಟರ್‌ಗೆ ಏನೂ ಆಗುವುದಿಲ್ಲ ನೋಡಿ. 490 ಮೀಟರ್ ಅಲೆಗೆ ಮಳೆಹನಿ ಇದೆ ಅಂತಲೇ ಗೊತ್ತಾಗುವುದಿಲ್ಲ. ಸಿಡಿಲಿನ ಪಟಪಟ ಮಾತ್ರ ಕೇಳುತ್ತದೆ.

ಗೌರಿಬಿದನೂರಿನವಳು:
ಸಮುದ್ರದ ಒಳಗೆ ರೇಡಿಯೋ ಹೋಗುತ್ತದಾ? ಸಬ್‌ಮರೀನ್‌ಗೆ ಹೇಗೆ ಮಾತು ಮುಟ್ಟಿಸುತ್ತಾರೆ?

ಬಾನುಲಿಕಿವಿ:
ಕಷ್ಟ. ಉಪ್ಪುನೀರು ವಿದ್ಯುತ್ ಹರಿಸುತ್ತದೆ, ರೇಡಿಯೋ ಅಲೆಯನ್ನು ನುಂಗಿಬಿಡುತ್ತದೆ. ಮೊಬೈಲ್ ಸಿಗ್ನಲ್ ಸೆಂಟಿಮೀಟರ್‌ಗಳಲ್ಲೇ ಸತ್ತುಹೋಗುತ್ತದೆ. ನೌಕಾಪಡೆಯವರು ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ವಿಜಯನಾರಾಯಣಂನಲ್ಲಿ ಐಎನ್ಎಸ್ ಕಟ್ಟಬೊಮ್ಮನ್ ಅಂತ ಒಂದು ಕೇಂದ್ರ ಇಟ್ಟಿದ್ದಾರೆ. 18.2 ಕಿಲೋಹರ್ಟ್ಸ್, ಅಂದರೆ ಅಲೆಯ ಉದ್ದ ಹದಿನಾರು ಕಿ.ಮೀ.ಗೂ ಜಾಸ್ತಿ. ಅದೂ ನೀರಿನೊಳಗೆ ಪ್ರತಿ ಎರಡು ಮೀಟರ್‌ಗೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹತ್ತಿಪ್ಪತ್ತು ಮೀಟರ್ ಆಳದ ತನಕ ನಾಲ್ಕು ಅಕ್ಷರ ಮುಟ್ಟಿಸಬಹುದು.

ಆದರೆ ನೀರಿನಲ್ಲಿ ಶಬ್ದ ಬಹಳ ದೂರ ಹೋಗುತ್ತದೆ. ಸುಮಾರು ಒಂದು ಕಿ.ಮೀ. ಆಳದಲ್ಲಿ ಶಬ್ದದ ವೇಗ ಎಲ್ಲಕ್ಕಿಂತ ಕಡಿಮೆ ಇರುವ ಒಂದು ಪಟ್ಟಿ ಇದೆ. ಮೇಲೆ ನೀರು ಬೆಚ್ಚಗೆ, ಕೆಳಗೆ ಒತ್ತಡ ಜಾಸ್ತಿ, ಎರಡೂ ಕಡೆ ವೇಗ ಹೆಚ್ಚು. ಶಬ್ದ ಯಾವ ಕಡೆ ಹೋದರೂ ಮತ್ತೆ ಆ ಪಟ್ಟಿಗೇ ಬಾಗುತ್ತದೆ. ಮೇಷ್ಟ್ರು ಹೇಳಿದ ಕೊಳವೆ ದಾರಿ ಇದು. 1991ರ ಜನವರಿಯಲ್ಲಿ ಮೇಲೆ ಹೇಳಿದ ಅದೇ ವಾಲ್ಟರ್ ಮಂಕ್ ತಂಡ ದಕ್ಷಿಣ ಹಿಂದೂ ಮಹಾಸಾಗರದ ಹರ್ಡ್ ದ್ವೀಪದ ಹತ್ತಿರ ಹಡಗಿನಿಂದ 57 ಹರ್ಟ್ಸ್‌ನ ಶಬ್ದ ಬಿಟ್ಟಿತು. ಅಟ್ಲಾಂಟಿಕ್‌ನ ಬರ್ಮುಡಾದಲ್ಲೂ, ಅಮೆರಿಕದ ಪಶ್ಚಿಮ ತೀರದಲ್ಲೂ ಕೇಳಿಸಿತು. ಹದಿನೆಂಟು ಸಾವಿರ ಕಿ.ಮೀ. ಸುಮಾರು, ಮೂರು ಗಂಟೆಗೂ ಮಿಕ್ಕಿದ ದಾರಿ.

ಉಳ್ಳಾಲದ ಕಡಲಕರೆ:
ನಮ್ಮ ಬೋಟುಗಳ ಫಿಶ್ ಫೈಂಡರ್‌ನಲ್ಲೂ ಇದೇ ಇದೆ! 50 ಮತ್ತು 200 ಕಿಲೋಹರ್ಟ್ಸ್ ಅಂತ ಎರಡು ಸೆಟ್ಟಿಂಗ್ ಇರುತ್ತದೆ. 200ರಲ್ಲಿ ಮೀನಿನ ಹಿಂಡು ಬಿಡಿಬಿಡಿಯಾಗಿ ಚೆನ್ನಾಗಿ ಕಾಣುತ್ತದೆ. ಆದರೆ ಆಳಕ್ಕೆ ಹೋದಾಗ ಪರದೆ ಖಾಲಿ. 50ಕ್ಕೆ ಹಾಕಿದರೆ ತಳ ಕಾಣುತ್ತದೆ, ಹಿಂಡು ಮಾತ್ರ ಒಂದು ಮುದ್ದೆಯಾಗಿ ತೋರುತ್ತದೆ. ಅದು ಮಷಿನಿನ ದೋಷ ಅಂತಲೇ ನಮ್ಮಲ್ಲಿ ಸುಮಾರು ಜನ ತಿಳಿದುಕೊಂಡಿದ್ದಾರೆ.

ಬಾನುಲಿಕಿವಿ:
ದೋಷ ಅಲ್ಲ ಅಣ್ಣ. ನೀರಿನಲ್ಲಿ 200ರ ಅಲೆ ಏಳೂವರೆ ಮಿಲಿಮೀಟರ್, 50ರದ್ದು ಮೂರು ಸೆಂಟಿಮೀಟರ್. ಗಿಡ್ಡ ಅಲೆಗೆ ಸಣ್ಣದೂ ಕಾಣುತ್ತದೆ, ಆದರೆ ನೀರು ಅದನ್ನು ಕೆಲವು ಪಟ್ಟು ಬೇಗ ಹೀರುತ್ತದೆ. ದಡದ ಹತ್ತಿರ 200 ಇಟ್ಟುಕೊಳ್ಳಿ. ನೂರು ನೂರೈವತ್ತು ಮೀಟರ್ ಆಳ ದಾಟಿದ ಮೇಲೆ 50ಕ್ಕೆ ಹಾಕಿ ನೋಡಿ. ಎರಡನ್ನೂ ಪಕ್ಕಪಕ್ಕ ತೋರಿಸುವ ಸೆಟ್ ಇದ್ದರೆ ಎರಡನ್ನೂ ಆನ್ ಮಾಡಿಡಿ, ತಳದ ಗೆರೆ 200ರಲ್ಲಿ ಮಸುಕಾಗಲು ಶುರುವಾದಾಗ ನಿಮಗೇ ಗೊತ್ತಾಗುತ್ತದೆ.